ಒಂದು ಕಡಸು, ಇಬ್ಬರು ನ್ಯಾನ್ಸಿಯರು

1793ರ ಜನವರಿ. ಅಮೆರಿಕದ ಕೆಂಟುಕಿಯಲ್ಲಿ, ನೆಲ್ಸನ್ ಕೌಂಟಿ ಎಂಬ ಕಡೆ, ಜೋಸೆಫ್ ಹ್ಯಾಂಕ್ಸ್ ಎಂಬ ರೈತ ಉಯಿಲು ಬರೆಸಿದ. ಐದು ಗಂಡುಮಕ್ಕಳಿಗೆ ಒಂದೊಂದು ಕುದುರೆ. ಮೂರು ಹೆಣ್ಣುಮಕ್ಕಳಿಗೆ ಒಂದೊಂದು ಕಡಸು. ಜೋಸೆಫ್ ಎಂಬ ಮಗನಿಗೆ ಕುದುರೆಯ ಜೊತೆಗೆ 150 ಎಕರೆ ಜಮೀನೂ ಸಿಕ್ಕಿತು. ಹೆಂಡತಿಗೆ ಜೀವ ಇರುವವರೆಗೆ ಎಲ್ಲದರ ಮೇಲೂ ಹಕ್ಕು.

ಈ ಉಯಿಲಿನಲ್ಲಿ ನನಗೆ ತುಂಬ ಇಷ್ಟವಾಗುವ ಒಂದು ವಿಷಯ ಇದೆ. ಪ್ರತಿ ಪ್ರಾಣಿಗೂ ಅದರಲ್ಲಿ ಹೆಸರಿದೆ. ಕುದುರೆಗಳ ಹೆಸರು ಮೇಜರ್, ಗಿಲ್ಬರ್ಟ್, ಟೋಬ್, ಹೀಗೆ. ಕಡಸುಗಳ ಪೈಕಿ ಎಲಿಜಬೆತ್‌ಗೆ ಜೆಂಟಲ್, ಪಾಲಿ ಎಂಬ ಮಗಳಿಗೆ ಲೇಡಿ, ನ್ಯಾನ್ಸಿಗೆ ಪೈಡಿ. ನಮ್ಮ ಕೊಟ್ಟಿಗೆಗಳಲ್ಲೂ ಗೌರಿ, ಗಂಗೆ ಅಂತ ಕರೆಯುತ್ತೇವೆ ಅಲ್ವಾ? ಹೆಸರಿಟ್ಟು ಸಾಕಿದ ಕಡಸನ್ನೇ ಹೆಸರು ಹಿಡಿದು ಮಗಳಿಗೆ ಬರೆದುಕೊಟ್ಟಿದ್ದಾನೆ.

ಪೈಡಿ ಎಂಬ ಈ ಕಡಸನ್ನು ಮರೆಯಬೇಡಿ. ನೂರು ವರ್ಷ ಕಳೆದ ಮೇಲೆ ಅದರ ಸುತ್ತ ದೊಡ್ಡ ವಾದವೇ ಎದ್ದಿತು.

ನಾನು ಇವತ್ತು ಹೇಳಹೊರಟಿರುವುದು ನ್ಯಾನ್ಸಿ ಹ್ಯಾಂಕ್ಸ್ ಎಂಬ ಒಬ್ಬ ರೈತನ ಹೆಂಡತಿಯ ವಂಶದ ಕಥೆ. ಆಕೆಯ ಮಗ ಯಾರು ಅಂತ ಹೇಳಿದರೆ ನಿಮಗೆಲ್ಲ ಗೊತ್ತಾಗುತ್ತದೆ. ಅಬ್ರಹಾಂ ಲಿಂಕನ್. ಆದರೆ ಮಗನ ವಿಷಯವನ್ನು ಸಾವಿರಾರು ಜನ ಬರೆದಿದ್ದಾರೆ. ಅಮ್ಮನ ವಿಷಯಕ್ಕೆ ಬಂದಾಗ ಎಲ್ಲರೂ ಒಂದೆರಡು ಸಾಲಿನಲ್ಲೇ ಮುಗಿಸಿಬಿಡುತ್ತಾರೆ. ಮಗನೂ ಹಾಗೆಯೇ ಮಾಡಿದರು.

1859ರ ಡಿಸೆಂಬರ್‌ನಲ್ಲಿ ಜೆಸ್ಸಿ ಫೆಲ್ ಎಂಬ ಗೆಳೆಯ ಕೇಳಿದ್ದಕ್ಕೆ ಲಿಂಕನ್ ತಮ್ಮ ಬಗ್ಗೆ ಒಂದು ಸಣ್ಣ ಟಿಪ್ಪಣಿ ಬರೆದುಕೊಟ್ಟರು. ಅಪ್ಪ ಅಮ್ಮ ಇಬ್ಬರೂ ವರ್ಜೀನಿಯಾದಲ್ಲಿ ಹುಟ್ಟಿದವರು, ಹೆಸರುವಾಸಿಯಲ್ಲದ ಮನೆತನದವರು ಅಂತ ಬರೆದರು. ನನಗೆ ಹತ್ತು ತುಂಬುವ ಮೊದಲೇ ತೀರಿಕೊಂಡ ಅಮ್ಮ ಹ್ಯಾಂಕ್ಸ್ ಎಂಬ ಮನೆತನದವಳು, ಆ ಮನೆತನದ ಕೆಲವರು ಈಗ ಇಲಿನಾಯ್‌ನಲ್ಲಿ ಇದ್ದಾರೆ ಅಂತ ಒಂದು ವಾಕ್ಯ. ಅಷ್ಟೇ. ಆಮೇಲೆ ಅಪ್ಪನ ಕಡೆಯ ಕಥೆ ಶುರು. ಅಜ್ಜ ಕೆಂಟುಕಿಗೆ ಬಂದದ್ದು, ಅಲ್ಲಿ ಮೂಲನಿವಾಸಿಗಳ ಕೈಯಲ್ಲಿ ಸತ್ತದ್ದು, ಆತನ ಹಿರಿಯರು ಪೆನ್ಸಿಲ್ವೇನಿಯಾದಿಂದ ಬಂದ ಕ್ವೇಕರ್ ಪಂಥದವರು ಅನ್ನೋದು. ಅಮ್ಮನ ಅಮ್ಮನ ಹೆಸರು ಮಾತ್ರ ಎಲ್ಲೂ ಇಲ್ಲ.

ಇದನ್ನು ತಪ್ಪು ಅಂತ ಹೇಳುತ್ತಿಲ್ಲ. ಈಗ ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಅಪ್ಪನ ಕಡೆ ನಾಲ್ಕು ತಲೆಮಾರು ಹೇಳಿ ಅಂದರೆ ಹೇಳುವವರು ಇಲ್ಲಿ ಇದ್ದೀರಿ. ಅಮ್ಮನ ಅಮ್ಮನ ಅಮ್ಮನ ಹೆಸರು? ತವರಿನ ಊರಾದರೂ? ಅಲ್ಲಿಗೆ ಬಂದಾಗ ನಾವೂ ನಿಂತುಬಿಡುತ್ತೇವೆ.

ಆದರೆ ಲಿಂಕನ್ ಸುಮ್ಮನಿದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅವರ ಜೊತೆ ವಕೀಲಿ ಮಾಡುತ್ತಿದ್ದ ವಿಲಿಯಂ ಹರ್ನ್‌ಡನ್ ಇದನ್ನು ಬರೆದಿಟ್ಟಿದ್ದಾರೆ. 1850ರ ಸುಮಾರಿಗೆ ಇಬ್ಬರೂ ಕುದುರೆಗಾಡಿಯಲ್ಲಿ ಪಕ್ಕದ ಕೌಂಟಿಯ ಕೋರ್ಟಿಗೆ ಹೋಗುತ್ತಿದ್ದರು. ಅಲ್ಲಿ ನಡೆಯಬೇಕಿದ್ದ ಕೇಸಿನಲ್ಲಿ ವಂಶದಿಂದ ಬರುವ ಗುಣಗಳ ಮಾತು ಇತ್ತು. ದಾರಿಯಲ್ಲಿ ಲಿಂಕನ್ ಇದ್ದಕ್ಕಿದ್ದಂತೆ ಮನಸ್ಸು ಬಿಚ್ಚಿದರಂತೆ. ನನ್ನ ಅಮ್ಮ ಮದುವೆಯ ಹೊರಗೆ ಹುಟ್ಟಿದವಳು. ಅವಳ ಅಮ್ಮ ಲೂಸಿ ಹ್ಯಾಂಕ್ಸ್. ಅಪ್ಪ ವರ್ಜೀನಿಯಾದ ಒಬ್ಬ ದೊಡ್ಡ ಜಮೀನುದಾರ. ನನ್ನ ಬುದ್ಧಿ, ತರ್ಕ, ಛಲ ಎಲ್ಲ ಆ ಕಡೆಯಿಂದ ಬಂದಿರಬೇಕು. ಹೀಗೆ ಹೇಳಿ, ಇದು ಯಾರಿಗೂ ಗೊತ್ತಾಗಬಾರದು ಅಂದರಂತೆ.

ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಜಮೀನುದಾರನ ಹೆಸರು ಯಾವ ಕಾಗದದಲ್ಲೂ ಇಲ್ಲ. ಇಷ್ಟಾದರೂ ಒಳ್ಳೆಯ ಗುಣಗಳನ್ನೆಲ್ಲ ಅವನ ಲೆಕ್ಕಕ್ಕೆ ಹಾಕಿದ್ದಾಯಿತು. ಹೆತ್ತು ಸಾಕಿದ ಹೆಂಗಸರ ಪಾಲಿಗೆ ಉಳಿದದ್ದು ಗುಟ್ಟು ಮಾತ್ರ. ಹಾಗಾದರೆ ಆ ಹೆಂಗಸರು ಯಾರು? ನೋಡೋಣ ಬನ್ನಿ.

ಮೊದಲು ಲೂಸಿ. ಉಯಿಲು ಬರೆಸಿದ ಜೋಸೆಫ್ ಹ್ಯಾಂಕ್ಸ್ 1784ರಲ್ಲಿ ವರ್ಜೀನಿಯಾದ ಬೆಟ್ಟದ ಕಡೆಯ ತನ್ನ ಜಮೀನನ್ನು ಅಡವಿಟ್ಟು ಕುಟುಂಬ ಕಟ್ಟಿಕೊಂಡು ಕೆಂಟುಕಿಗೆ ಹೊರಟ. ನ್ಯಾನ್ಸಿ ಹುಟ್ಟಿದ್ದೂ ಅದೇ ವರ್ಷ ಅಂತ ಲೆಕ್ಕ. ಕೈಗೂಸು. ಅಮ್ಮ ಲೂಸಿಗೆ ಇನ್ನೂ ಇಪ್ಪತ್ತರ ಆಸುಪಾಸು, ಮದುವೆಯಾಗಿಲ್ಲ. ಕೂಸಿನ ಅಪ್ಪ ಯಾರು ಅಂತ ಕೇಳುವ ಜನ ಇಲ್ಲದ ಜಾಗ ಅವರಿಗೆ ಬೇಕಾಗಿತ್ತೋ ಏನೋ, ಅದು ನನ್ನ ಊಹೆ.

ಹೊಸ ಜಾಗದಲ್ಲೂ ಜನರ ಬಾಯಿ ಸುಮ್ಮನಿರಲಿಲ್ಲ. 1789ರ ನವೆಂಬರ್‌ನಲ್ಲಿ ಮರ್ಸರ್ ಕೌಂಟಿಯ ಕೋರ್ಟಿನ ಪುಸ್ತಕದಲ್ಲಿ ಲೂಸಿ ಹ್ಯಾಂಕ್ಸ್ ಹೆಸರು ಬಂದಿದೆ. ಮದುವೆಯಾಗದೆ ಗಂಡಸಿನ ಸಂಗ ಮಾಡಿದಳು ಅನ್ನುವ ಆರೋಪ. ಮುಂದಿನ ಏಪ್ರಿಲ್ 26ರಂದು ಇನ್ನೊಂದು ಕಾಗದ ಹುಟ್ಟಿತು. ಇದು ಲೂಸಿ ಬರೆದದ್ದು. ನಾನು ವಯಸ್ಸಿಗೆ ಬಂದವಳು, ಹೆನ್ರಿ ಸ್ಪ್ಯಾರೋ ನಮ್ಮ ಮದುವೆಯ ಲೈಸೆನ್ಸ್ ಅನ್ನು ಇವತ್ತಾಗಲಿ ಬೇರೆ ಯಾವ ದಿನವಾಗಲಿ ಪಡೆಯಲು ನನ್ನ ಮನಸಾರೆ ಒಪ್ಪಿಗೆ ಇದೆ ಅಂತ. ಕಾಗುಣಿತ ತಪ್ಪಾಗಿದೆ. ಏಪ್ರಿಲ್ ಅನ್ನುವುದನ್ನೂ ತಪ್ಪಾಗಿಯೇ ಬರೆದಿದ್ದಾಳೆ. ಆದರೆ ನೋಡಿ, ಅಪ್ಪನ ಒಪ್ಪಿಗೆಯಲ್ಲ, ಅಣ್ಣನ ಒಪ್ಪಿಗೆಯಲ್ಲ. ಊರೆಲ್ಲ ಬೆರಳು ತೋರಿಸುತ್ತಿದ್ದ ಹೆಣ್ಣು ತನ್ನ ಹೆಸರು ಹಾಕಿ, ನಾನು ಒಪ್ಪಿದ್ದೇನೆ ಅಂತ ತಾನೇ ಬರೆದುಕೊಟ್ಟಳು. ಈ ವಂಶದ ಹೆಣ್ಣುಮಕ್ಕಳ ದನಿ ನೇರವಾಗಿ ನಮಗೆ ಕೇಳುವುದು ಈ ಒಂದು ಚೀಟಿಯಲ್ಲೇ. ಮದುವೆ ಮರುವರ್ಷ 1791ರಲ್ಲಿ ನಡೆಯಿತು. ಹೆನ್ರಿ ಮತ್ತು ಲೂಸಿಗೆ ತುಂಬ ಮಕ್ಕಳಾದವು.

ಆದರೆ ನ್ಯಾನ್ಸಿ ಆ ಮನೆಯಲ್ಲಿ ಬೆಳೆಯಲಿಲ್ಲ. ಅಜ್ಜನ ಮನೆಯಲ್ಲಿದ್ದಳು. ಅಜ್ಜ 1793ರಲ್ಲಿ ಸತ್ತ ಮೇಲೆ ಅಜ್ಜಿ ವರ್ಜೀನಿಯಾಕ್ಕೆ ಹಿಂತಿರುಗಿದಳು. ನ್ಯಾನ್ಸಿಯನ್ನು ಸಾಕಿದ್ದು ಚಿಕ್ಕಮ್ಮ ಎಲಿಜಬೆತ್. ಉಯಿಲಿನಲ್ಲಿ ಜೆಂಟಲ್ ಎಂಬ ಕಡಸು ಪಡೆದವಳು ಇವಳೇ. ಇವಳ ಗಂಡ ಥಾಮಸ್ ಸ್ಪ್ಯಾರೋ, ಹೆನ್ರಿಯ ಒಡಹುಟ್ಟಿದವನು. ಅಕ್ಕತಂಗಿಯರು ಅಣ್ಣತಮ್ಮಂದಿರನ್ನು ಮದುವೆಯಾಗಿದ್ದರು. ಮಕ್ಕಳಿಲ್ಲದ ಈ ದಂಪತಿ ಇನ್ನೊಂದು ಮಗುವನ್ನೂ ಸಾಕಿದರು. ಡೆನಿಸ್ ಹ್ಯಾಂಕ್ಸ್, 1799ರಲ್ಲಿ ಹುಟ್ಟಿದವನು. ಅವನೂ ಮದುವೆಯ ಹೊರಗೆ ಹುಟ್ಟಿದವನೇ. ಅವನ ಅಮ್ಮನ ಹೆಸರು ಏನು ಗೊತ್ತಾ? ನ್ಯಾನ್ಸಿ ಹ್ಯಾಂಕ್ಸ್.

ಇಲ್ಲೇ ಗಂಟು ಬಿದ್ದದ್ದು. ಒಂದೇ ಮನೆತನದಲ್ಲಿ ಇಬ್ಬರು ನ್ಯಾನ್ಸಿ ಹ್ಯಾಂಕ್ಸ್. ಒಬ್ಬಳು ಜೋಸೆಫನ ಮಗಳು, ಪೈಡಿ ಎಂಬ ಕಡಸು ಪಡೆದವಳು, ಡೆನಿಸ್‌ನ ತಾಯಿ. ಇನ್ನೊಬ್ಬಳು ಅವಳ ಅಕ್ಕ ಲೂಸಿಯ ಮಗಳು, ಲಿಂಕನ್‌ರ ತಾಯಿ. ಚಿಕ್ಕಮ್ಮನಿಗೂ ಅಕ್ಕನ ಮಗಳಿಗೂ ಒಂದೇ ಹೆಸರು. 1899ರಲ್ಲಿ ಹ್ಯಾಂಕ್ಸ್ ಮನೆತನದವರೇ ಆದ ಮಹಿಳೆಯೊಬ್ಬರು ಈ ಉಯಿಲನ್ನು ಹಿಡಿದುಕೊಂಡು ಪುಸ್ತಕ ಬರೆದರು. ನೋಡಿ, ಪೈಡಿ ಪಡೆದ ಮಗಳೇ ಲಿಂಕನ್‌ರ ತಾಯಿ, ಜೋಸೆಫ್ ಮತ್ತು ಅವನ ಹೆಂಡತಿ ನ್ಯಾನ್ಸಿ ಶಿಪ್ಲಿಗೆ ಸರಿಯಾಗಿ ಮದುವೆಯಾಗಿ ಹುಟ್ಟಿದವಳು ಅಂತ. ಆ ಕಡಸು ಲಿಂಕನ್‌ರ ಅಮ್ಮನ ಮರ್ಯಾದೆಗೆ ಸಾಕ್ಷಿಯಾಯಿತು. ಆಮೇಲೆ ಬಂದ ಇನ್ನೊಬ್ಬರು ಲೂಸಿಯನ್ನು ಒಪ್ಪಿಕೊಂಡರು. ಆದರೆ ಲೂಸಿ ಹುಟ್ಟಿದ್ದು ಶಿಪ್ಲಿ ಮನೆಯಲ್ಲಿ, ಹ್ಯಾಂಕ್ಸ್ ಮನೆಯ ಗಂಡಸನ್ನು ಮದುವೆಯಾಗಿ ವಿಧವೆಯಾದವಳು, ಹಾಗಾಗಿ ಮಗಳ ಹುಟ್ಟಿನಲ್ಲಿ ಕಳಂಕವಿಲ್ಲ ಅಂತ ವಾದಿಸಿದರು. ಡೆನಿಸ್ ಕೂಡ ಮುಪ್ಪಿನಲ್ಲಿ, ಅವಳನ್ನು ಹ್ಯಾಂಕ್ಸ್ ಅನ್ನಬೇಡಿ, ನ್ಯಾನ್ಸಿ ಸ್ಪ್ಯಾರೋ ಅನ್ನಿ ಅಂತ ಹಟ ಹಿಡಿದ. ಅವನಿಗೆ ಅವಳು ಜೊತೆಯಲ್ಲಿ ಬೆಳೆದ ಅಕ್ಕ. ಎಲ್ಲರೂ ಅವಳನ್ನು ಕಾಪಾಡಲು ಹೊರಟವರೇ. ಆದರೆ ಕಾಪಾಡುವ ಭರದಲ್ಲಿ ಅವಳ ನಿಜವಾದ ಅಮ್ಮನನ್ನು ಅಳಿಸಿಹಾಕುತ್ತಿದ್ದರು.

ಶಿಪ್ಲಿ ಎಂಬ ಹೆಸರು ಎಲ್ಲಿಂದ ಬಂತು ಅಂತ ಕೇಳಬಹುದು. ನ್ಯಾನ್ಸಿ ಮದುವೆಗೆ ಮುಂಚೆ ವಾಷಿಂಗ್ಟನ್ ಕೌಂಟಿಯಲ್ಲಿ ಬೆರಿ ಎಂಬ ಕುಟುಂಬದ ಮನೆಯಲ್ಲಿ ಇದ್ದಳು. ಆ ಮನೆಯೊಡತಿ ರೇಚಲ್ ಶಿಪ್ಲಿ. ಮದುವೆಯ ಬಾಂಡ್ ಕಾಗದಕ್ಕೆ ಪಾಲಕ ಅಂತ ಸಹಿ ಹಾಕಿದ್ದು ರಿಚರ್ಡ್ ಬೆರಿ. 1806ರ ಜೂನ್ 12ರಂದು ಜೆಸ್ಸಿ ಹೆಡ್ ಎಂಬ ಪಾದ್ರಿ ಥಾಮಸ್ ಲಿಂಕನ್‌ಗೂ ನ್ಯಾನ್ಸಿಗೂ ಮದುವೆ ಮಾಡಿಸಿದರು. ಈ ದಾಖಲೆಯದ್ದೂ ಒಂದು ಕಥೆ. ದಂಪತಿ ಬಾಳಿದ್ದು ಹಾರ್ಡಿನ್ ಕೌಂಟಿಯಲ್ಲಿ. ಹುಡುಕುವವರು ಅಲ್ಲಿನ ಕಚೇರಿಯಲ್ಲೇ ಹುಡುಕಿದರು, ಸಿಗಲಿಲ್ಲ. ಲಿಂಕನ್‌ರ ಅಪ್ಪ ಅಮ್ಮನಿಗೆ ಮದುವೆಯೇ ಆಗಿರಲಿಲ್ಲ ಅಂತ ಪುಕಾರು ಹಬ್ಬಿತು. 1870ರ ದಶಕದ ಕೊನೆಯಲ್ಲಿ ವಾಷಿಂಗ್ಟನ್ ಕೌಂಟಿಯ ಕಚೇರಿಯಲ್ಲಿ ಕಾಗದ ಸಿಕ್ಕಿತು. ಹೆಣ್ಣಿನ ಮನೆಯಲ್ಲಿ ಮದುವೆ ಆಗುತ್ತದೆ ಅನ್ನುವುದು ಯಾರಿಗೂ ಹೊಳೆಯಲಿಲ್ಲ ನೋಡಿ.

ಇನ್ನು ಸಂಸಾರ. ಥಾಮಸ್ ಬಡಗಿ, ರೈತ. 1807ರ ಫೆಬ್ರವರಿಯಲ್ಲಿ ಮಗಳು ಸಾರಾ ಹುಟ್ಟಿದಳು. 1809ರ ಫೆಬ್ರವರಿ 12ರಂದು ಮಗ ಅಬ್ರಹಾಂ. ಮೂರನೆಯದು ಗಂಡು, ಥಾಮಸ್ ಅಂತ ಅಪ್ಪನ ಹೆಸರೇ ಇಟ್ಟರು. ಅದು ಕೂಸಿದ್ದಾಗಲೇ ಹೋಯಿತು.

ಜಮೀನಿನ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಅದೇ ಈ ಹೆಣ್ಣನ್ನು ಕಾಡಿಗೆ ಕರೆದೊಯ್ದದ್ದು. ನಮ್ಮಲ್ಲಿ ಸರ್ವೆ ನಂಬರ್ ಇದೆ, ಪಹಣಿ ಇದೆ. ಇಷ್ಟಿದ್ದೂ ಎಷ್ಟು ಜಗಳ! ಆಗಿನ ಕೆಂಟುಕಿಯಲ್ಲಿ ಗಡಿ ಅಂದರೆ ಈ ಓಕ್ ಮರದಿಂದ ಆ ಹಳ್ಳದವರೆಗೆ, ಅಲ್ಲಿಂದ ಆ ಬಂಡೆಯವರೆಗೆ. ಮರ ಬಿದ್ದರೆ ಗಡಿಯೂ ಹೋಯಿತು. ಒಂದೇ ನೆಲಕ್ಕೆ ಇಬ್ಬರು ಮೂವರ ಹಕ್ಕುಪತ್ರ. ಥಾಮಸ್ 238 ಎಕರೆ ಅಂತ ಕೊಂಡ ಮಿಲ್ ಕ್ರೀಕ್ ಜಮೀನು ಮಾರುವಾಗ 200 ಎಕರೆಗೆ ಇಳಿದಿತ್ತು. ಆಮೇಲಿನ ಎರಡು ಜಮೀನುಗಳಲ್ಲೂ ಹಕ್ಕಿನ ತಕರಾರು ಬಂತು.

ಮಿಲ್ ಕ್ರೀಕ್ ಮಾರಿದ್ದು 1814ರ ಅಕ್ಟೋಬರ್‌ನಲ್ಲಿ. ಆ ಕ್ರಯಪತ್ರದಲ್ಲಿ ನ್ಯಾನ್ಸಿ ಇದ್ದಾಳೆ. ಆಗಿನ ಕಾನೂನಿನಲ್ಲಿ ಗಂಡನ ಆಸ್ತಿಯಲ್ಲಿ ಹೆಂಡತಿಗೆ ವಿಧವೆಯ ಪಾಲು ಇತ್ತು. ಹಾಗಾಗಿ ಮಾರಾಟಕ್ಕೆ ಆಕೆಯ ಒಪ್ಪಿಗೆಯೂ ಬೇಕು. ಗಂಡನ ಎದುರಿಗಲ್ಲದೆ ಬೇರೆಯಾಗಿ ಕರೆದು, ಇದು ನಿನ್ನ ಇಷ್ಟದಿಂದಲೇ ತಾನೇ ಅಂತ ಕೇಳುವ ಪದ್ಧತಿ. ನ್ಯಾನ್ಸಿ ಒಪ್ಪಿದಳು. ಸಹಿಯ ಜಾಗದಲ್ಲಿ ಒಂದು ಇಂಟು ಗುರುತು ಇದೆ. ಅಮ್ಮ ಲೂಸಿ ತಪ್ಪಾಗಿಯಾದರೂ ಅಕ್ಷರ ಬರೆದಿದ್ದಳು. ಮಗಳಿಗೆ ಅಷ್ಟೂ ಸಿಗಲಿಲ್ಲ. ಆಕೆಗೆ ಓದಲು ಬರುತ್ತಿತ್ತು, ಮಕ್ಕಳಿಗೆ ಬೈಬಲ್ ಓದಿ ಹೇಳುತ್ತಿದ್ದಳು ಅಂತ ಡೆನಿಸ್ ನೆನೆದಿದ್ದಾನೆ. ಓದಲು ಬಂದು ಬರೆಯಲು ಬಾರದ ಹೆಂಗಸರು ಆ ಕಾಲದಲ್ಲಿ ಬಹಳ. ನಮ್ಮ ಹಿರಿಯರ ಪೈಕಿಯೂ ಇದ್ದರು ಅಲ್ವಾ?

1816ರ ಕೊನೆಗೆ ಕುಟುಂಬ ಒಹಾಯೊ ನದಿ ದಾಟಿ ಇಂಡಿಯಾನಾಕ್ಕೆ ಹೋಯಿತು. ಗುಲಾಮಗಿರಿಯ ಕಾರಣವೂ ಇತ್ತು, ಆದರೆ ಜಾಸ್ತಿ ಕಾರಣ ಕೆಂಟುಕಿಯ ಹಕ್ಕುಪತ್ರದ ಗೋಳೇ ಅಂತ ಲಿಂಕನ್ ಹೇಳಿದ್ದಾರೆ. ಇಂಡಿಯಾನಾದಲ್ಲಿ ಸರ್ಕಾರವೇ ನೆಲವನ್ನು ಚೌಕ ಚೌಕವಾಗಿ ಅಳೆದು ಮಾರುತ್ತಿತ್ತು. ಆದರೆ ಆ ಚೌಕದೊಳಗೆ ಇದ್ದದ್ದು ದಟ್ಟ ಕಾಡು. ಲಿಟಲ್ ಪಿಜನ್ ಕ್ರೀಕ್ ಎಂಬ ಹಳ್ಳದ ಹತ್ತಿರ ಮರ ಕಡಿದು ಗುಡಿಸಲು ಹಾಕಿದರು. ಮರುವರ್ಷ ಚಿಕ್ಕಮ್ಮ ಎಲಿಜಬೆತ್, ಚಿಕ್ಕಪ್ಪ ಥಾಮಸ್, ಡೆನಿಸ್ ಮೂವರೂ ಬಂದು ಸೇರಿಕೊಂಡರು. ಸಾಕಿದವರು ಹತ್ತಿರ ಬಂದದ್ದು ನ್ಯಾನ್ಸಿಗೆ ಎಷ್ಟು ನೆಮ್ಮದಿಯಾಗಿರಬೇಕು!

ಮುಂದಿನ ವರ್ಷ, 1818ರ ಸೆಪ್ಟೆಂಬರ್. ಬೇಸಿಗೆ ಕಳೆದು ಹುಲ್ಲು ಒಣಗಿರುವ ಹೊತ್ತು. ದನಗಳಿಗೆ ಬೇಲಿ ಇಲ್ಲ, ಕಾಡಿಗೆ ಬಿಟ್ಟು ಮೇಯಿಸುವುದು. ಬಯಲಲ್ಲಿ ಹುಲ್ಲು ಇಲ್ಲದಾಗ ದನ ನೆರಳಿನ ಕಡೆಗೆ, ಹಸಿರು ಇರುವ ಕಡೆಗೆ ಹೋಗುತ್ತದೆ. ಅಲ್ಲಿ ಬಿಳಿ ಹೂ ಬಿಡುವ ಒಂದು ಗಿಡ ಇತ್ತು. ಇಂಗ್ಲಿಷಿನಲ್ಲಿ ವೈಟ್ ಸ್ನೇಕ್‌ರೂಟ್ ಅನ್ನುತ್ತಾರೆ. ಅದನ್ನು ತಿಂದ ದನ ನಡುಗುತ್ತದೆ. ಹಾಲು ಕರೆಯುವ ಹಸುವಾದರೆ ವಿಷದ ಒಂದು ಪಾಲು ಹಾಲಿಗೆ ಹೋಗುತ್ತದೆ. ಕುಡಿದವರಿಗೆ ಸುಸ್ತು, ವಾಂತಿ, ಹೊಟ್ಟೆ ಕಟ್ಟುವುದು, ಕೈಕಾಲು ನಡುಕ, ಕೊನೆಗೆ ಎಚ್ಚರ ತಪ್ಪುವುದು. ಜನ ಅದನ್ನು ಹಾಲಿನ ಕಾಯಿಲೆ ಅಂತಲೇ ಕರೆದರು. ಹಾಲಿನಿಂದ ಬರುತ್ತದೆ ಅಂತ ಅಂದಾಜಿತ್ತು. ಯಾವ ಗಿಡ ಅಂತ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಇಲ್ಲೊಂದು ಮಾತು. ನಮ್ಮ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಕಮ್ಯುನಿಸ್ಟ್ ಗಿಡ ಅಂತ ಕರೆಯುವ ಗಿಡ ನಿಮಗೆ ಗೊತ್ತು. ಎಲ್ಲೆಂದರಲ್ಲಿ ಬೆಳೆದು ತೋಟ, ಬ್ಯಾಣ ಎಲ್ಲ ನುಂಗಿದ್ದು. ಅದೂ ಅಮೆರಿಕ ಖಂಡದಿಂದ ಬಂದದ್ದು. ಸಸ್ಯಶಾಸ್ತ್ರದವರು ಮೊದಲು ಅದನ್ನೂ ಈ ಸ್ನೇಕ್‌ರೂಟನ್ನೂ ಯುಪಟೋರಿಯಂ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. ಈಗ ಬೇರೆ ಮಾಡಿದ್ದಾರೆ, ಆದರೂ ಹತ್ತಿರದ ನೆಂಟರೇ. ನಮ್ಮ ಗಿಡದ ಬಿಳಿಚು ಹೂಗೊಂಚಲು ನೋಡಿದ್ದರೆ ಆ ಗಿಡವನ್ನೂ ಸುಮಾರಾಗಿ ಮನಸ್ಸಿಗೆ ತಂದುಕೊಳ್ಳಬಹುದು.

ಮೊದಲು ಹೋದದ್ದು ಎಲಿಜಬೆತ್ ಮತ್ತು ಅವಳ ಗಂಡ. ಇಬ್ಬರೂ ಅದೇ ಸೆಪ್ಟೆಂಬರ್‌ನಲ್ಲಿ. ಕಾಯಿಲೆ ಬಿದ್ದ ನೆರೆಯವರ ಆರೈಕೆಗೆ ನ್ಯಾನ್ಸಿ ಓಡಾಡಿದಳು. ಆಮೇಲೆ ತಾನೇ ಮಲಗಿದಳು. ಹತ್ತಿರದ ಡಾಕ್ಟರ್ ಮೂವತ್ತು ಮೈಲಿಗಿಂತ ದೂರ. ಇದ್ದಿದ್ದರೂ ಆ ಕಾಲಕ್ಕೆ ಮದ್ದು ಇರಲಿಲ್ಲ. ಅಕ್ಟೋಬರ್ 5ರಂದು ತೀರಿಕೊಂಡಳು. ವಯಸ್ಸು 34. ಮಗಳಿಗೆ ಹನ್ನೊಂದು, ಮಗನಿಗೆ ಒಂಬತ್ತು. ಥಾಮಸ್ ಮರ ಕೊಯ್ದು ಶವಪೆಟ್ಟಿಗೆ ಮಾಡಿದ. ಹಲಗೆ ಜೋಡಿಸುವ ಮರದ ಮೊಳೆಗಳನ್ನು ಮಗ ಕೆತ್ತಿಕೊಟ್ಟ ಅಂತ ಹೇಳುತ್ತಾರೆ. ಮನೆಯ ಹತ್ತಿರದ ದಿಣ್ಣೆಯ ಮೇಲೆ, ಸಾಕಿದ ಚಿಕ್ಕಮ್ಮನ ಪಕ್ಕದಲ್ಲೇ ಹೂತರು. ಆ ಗಿಡದ ವಿಷ ಏನು ಅಂತ ಅಮೆರಿಕದ ಕೃಷಿ ಇಲಾಖೆಯ ಜೇಮ್ಸ್ ಕೌಚ್ ಬೇರ್ಪಡಿಸಿ ತೋರಿಸಿದ್ದು 1920ರ ದಶಕದ ಕೊನೆಗೆ. ನ್ಯಾನ್ಸಿ ಹೋಗಿ ನೂರು ವರ್ಷ ದಾಟಿತ್ತು.

ಸಮಾಧಿಗೆ ಬಹಳ ಕಾಲ ಸರಿಯಾದ ಕಲ್ಲು ಇರಲಿಲ್ಲ. 1879ರಲ್ಲಿ ಗಾಡಿ ತಯಾರಿಸುವ ಕಂಪನಿಯ ಪೀಟರ್ ಸ್ಟುಡೆಬೇಕರ್ ದುಡ್ಡು ಕೊಟ್ಟು ಒಂದು ಕಲ್ಲು ಹಾಕಿಸಿದರು. ಅದರ ಮೇಲೆ ಅಧ್ಯಕ್ಷ ಲಿಂಕನ್‌ರ ತಾಯಿ ಅಂತ ಇದೆ. ವಯಸ್ಸು 35 ಅಂತ ಇದೆ. ಈಗ ಆ ಜಾಗ ರಾಷ್ಟ್ರೀಯ ಸ್ಮಾರಕ. ಆಕೆಯ ಫೋಟೋ ಇಲ್ಲ. ಆಗ ಫೋಟೋ ತೆಗೆಯುವ ವಿದ್ಯೆಯೇ ಇರಲಿಲ್ಲ. ನೋಡಿದವರ ನೆನಪುಗಳೂ ಒಂದಕ್ಕೊಂದು ಹೊಂದುವುದಿಲ್ಲ. ಎತ್ತರ, ಸಣಕಲು ಮೈ, ಕಣ್ಣಿನ ಬಣ್ಣ ಎಲ್ಲದರಲ್ಲೂ ಬೇರೆ ಬೇರೆ ಮಾತು.

ಈಗ ಆ ಗಂಟು ಬಿಚ್ಚಿದ್ದು ಹೇಗೆ ಅನ್ನೋದಕ್ಕೆ ಬರುತ್ತೇನೆ. ನಮ್ಮ ದೇಹದಲ್ಲಿ ಮೈಟೊಕಾಂಡ್ರಿಯ ಡಿಎನ್‌ಎ ಅಂತ ಒಂದಿದೆ. ಅದು ತಾಯಿಯಿಂದ ಮಾತ್ರ ಬರುತ್ತದೆ. ಗಂಡುಮಕ್ಕಳಿಗೂ ಬರುತ್ತದೆ, ಆದರೆ ಅವರಿಂದ ಮುಂದಕ್ಕೆ ಹೋಗುವುದಿಲ್ಲ. ತುಳುನಾಡಿನ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಬಳಿ, ಅಂದರೆ ಗೋತ್ರದಂಥ ವಂಶದ ಗುರುತು, ಬರುವುದು ತಾಯಿಯಿಂದ ಅಲ್ವಾ? ಮಗನ ಬಳಿ ಅಮ್ಮನದು, ಮಗನ ಮಕ್ಕಳ ಬಳಿ ಸೊಸೆಯದು. ಹಾಗೆಯೇ ಇದು ಮೈಯೊಳಗಿನ ಬಳಿ ಅಂದುಕೊಳ್ಳಿ.

ಅಂದರೆ ಅಬ್ರಹಾಂ ಲಿಂಕನ್ ಮಕ್ಕಳಿಂದ ಇಲ್ಲಿ ಉಪಯೋಗವಿಲ್ಲ. ಆ ವಂಶದ ಕೊನೆಯ ಕುಡಿ, ಅವರ ಮರಿಮೊಮ್ಮಗ, 1985ರಲ್ಲಿ ತೀರಿಕೊಂಡರು. ಇದ್ದಿದ್ದರೂ ಅವರಲ್ಲಿ ನ್ಯಾನ್ಸಿಯ ಬಳಿ ಇರುತ್ತಿರಲಿಲ್ಲ. ಹಾಗಾಗಿ ಸಂಶೋಧಕರು ಹೆಣ್ಣುಮಕ್ಕಳ ಜಾಡನ್ನೇ ಹಿಡಿದರು. ಲೂಸಿ ಹೆನ್ರಿಯಿಂದ ಹೆತ್ತ ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು, ಹೀಗೆ ಇವತ್ತಿನವರೆಗೆ. ಅತ್ತ ಲೂಸಿಯ ತಂಗಿಯರ ಹೆಣ್ಣು ಸಂತತಿ. ಇನ್ನೊಂದು ಕಡೆ ಶಿಪ್ಲಿ ಮನೆಯ ಹೆಣ್ಣು ಸಂತತಿ. ಎಷ್ಟು ತಲೆಮಾರು, ಎಷ್ಟು ಸಲ ಬದಲಾದ ಮನೆತನದ ಹೆಸರು! ಪ್ರತಿ ಮದುವೆಯಲ್ಲೂ ಹೆಣ್ಣಿನ ಹೆಸರು ಬದಲಾಗುವ ದೇಶದಲ್ಲಿ ಈ ಜಾಡು ಹಿಡಿಯಲು ಎಷ್ಟು ತಾಳ್ಮೆ ಬೇಕು ಯೋಚಿಸಿ.

ಫಲಿತಾಂಶ 2015ರಲ್ಲಿ ಬಂತು. ಲೂಸಿಯ ಕಡೆಯವರದ್ದು ಹ್ಯಾಂಕ್ಸ್ ಅಕ್ಕತಂಗಿಯರ ಕಡೆಯವರಿಗೆ ಹೊಂದಿತು. ಅದೂ ಎಕ್ಸ್‌1ಸಿ ಎಂಬ ತೀರ ಅಪರೂಪದ ಗುಂಪು, ಆಕಸ್ಮಿಕವಾಗಿ ಹೊಂದಿತು ಅನ್ನುವ ಹಾಗಿಲ್ಲ. ಶಿಪ್ಲಿ ಕಡೆಯದಕ್ಕೆ ಹೊಂದಲೇ ಇಲ್ಲ. ಲೂಸಿ ಶಿಪ್ಲಿ ಮನೆಯ ವಿಧವೆಯಲ್ಲ. ಜೋಸೆಫ್ ಹ್ಯಾಂಕ್ಸ್ ಮತ್ತು ಅವನ ಹೆಂಡತಿ ಆನ್ ಲೀ ದಂಪತಿಯ ಮಗಳು. ಕುದುರೆಗಾಡಿಯಲ್ಲಿ ಹೇಳಿದ ಮಾತಿನಲ್ಲಿ ಅಮ್ಮನ ಅಮ್ಮನ ಹೆಸರು ಸರಿಯಾಗಿತ್ತು. ಪೈಡಿ ಎಂಬ ಕಡಸು ಚಿಕ್ಕಮ್ಮನದೇ.

ಆ ಉಯಿಲಿನಲ್ಲಿ ಲೂಸಿಯ ಹೆಸರೇ ಇಲ್ಲ ಅನ್ನುವುದನ್ನು ನಾನು ಇಷ್ಟು ಹೊತ್ತು ಹೇಳಿರಲಿಲ್ಲ. ಎಂಟು ಮಕ್ಕಳಿಗೆ ಎಂಟು ಪ್ರಾಣಿ. ಒಂಬತ್ತನೆಯವಳಿಗೆ ಏನೂ ಇಲ್ಲ. ಆಗಲೇ ಮದುವೆಯಾಗಿ ಹೋಗಿದ್ದಳು ಅನ್ನೋದು ಕಾರಣವಿರಬಹುದು. ಅಪ್ಪನಿಗೆ ಕೋಪ ಇಳಿದಿರಲಿಲ್ಲ ಅಂತಲೂ ಇರಬಹುದು. ಅಪ್ಪನ ಕಾಗದ ಬಿಟ್ಟ ಹೆಸರನ್ನು ಅಮ್ಮನಿಂದ ಬಂದ ರಕ್ತ ಹೇಳಿತು.

ಆನ್ ಲೀ, ಅವಳ ಮಗಳು ಲೂಸಿ, ಅವಳ ಮಗಳು ನ್ಯಾನ್ಸಿ, ಅವಳ ಮಗಳು ಸಾರಾ. ಅಮ್ಮ ಹೋದಾಗ ಹನ್ನೊಂದು ವರ್ಷದ ಸಾರಾ ಆ ಕಾಡಿನ ಮನೆಯಲ್ಲಿ ಅಪ್ಪ, ತಮ್ಮ, ಡೆನಿಸ್ ಮೂವರಿಗೂ ಅಡುಗೆ ಮಾಡಿ ಹಾಕಿದಳು. ಒಂದು ವರ್ಷದ ಮೇಲೆ ಅಪ್ಪ ಮರುಮದುವೆಯಾಗಿ ಮಲತಾಯಿ ಬಂದಳು, ಒಳ್ಳೆಯವಳು. 1826ರಲ್ಲಿ ಸಾರಾಳಿಗೆ ನೆರೆಯ ಗ್ರಿಗ್ಸ್‌ಬಿ ಮನೆಯ ಆರನ್ ಜೊತೆ ಮದುವೆಯಾಯಿತು. 1828ರ ಜನವರಿ 20ರಂದು ಹೆರಿಗೆಯಲ್ಲಿ ಸತ್ತಳು. ಮಗುವೂ ಉಳಿಯಲಿಲ್ಲ. ನ್ಯಾನ್ಸಿಯಿಂದ ಮುಂದಕ್ಕೆ ಹೋಗಬೇಕಿದ್ದ ಬಳಿ ಅಲ್ಲಿಗೆ ನಿಂತಿತು. ತಾಯಿ ಮಗುವನ್ನು ಒಂದೇ ಗುಂಡಿಯಲ್ಲಿ, ಪಿಜನ್ ಕ್ರೀಕ್ ಚರ್ಚಿನ ಅಂಗಳದಲ್ಲಿ ಹೂತರು. ಏಳು ವರ್ಷದ ಹಿಂದೆ ಆ ಚರ್ಚಿನ ಮರಗೆಲಸ ಮಾಡಿದ್ದವರಲ್ಲಿ ಅವಳ ಅಪ್ಪನೂ ಒಬ್ಬ.